ಮೊದಲ ಅಧ್ಯಕ್ಷನ ಹಲ್ಲಿನ ಸೆಟ್ಟು

ಕುರ್ಚಿಯಲ್ಲಿ ಒರಗಿದ್ದ ನಟರು ಬಾಯಿ ತೆರೆದು, ಕೆಳದವಡೆಯ ಎಡಬದಿಯಲ್ಲಿ ಉಳಿದಿದ್ದ ತಮ್ಮ ಒಂದೇ ಒಂದು ಹಲ್ಲನ್ನು ಬೆರಳಿನಿಂದ ಮುಟ್ಟಿ ತೋರಿಸಿದರು. ಇದು ಬಿದ್ದುಹೋಗುವ ಮೊದಲೇ ನನಗೊಂದು ಸೆಟ್ಟು ಮಾಡಿಕೊಡಿ, ಆದರೆ ಅದು ಈ ಕಾಲದ್ದಾಗಿರಬಾರದು ಎಂದರು.

ಲಾಸ್ ಆಲ್ಟೋಸ್‌ನ ನನ್ನ ಕ್ಲಿನಿಕ್ಕಿಗೆ ಬರುವವರೆಲ್ಲ ಹೆಚ್ಚುಕಡಿಮೆ ಹಲ್ಲು ಕಳೆದುಕೊಂಡವರೇ. ಕಟ್ಟಿಸಿದ ಹಲ್ಲು ಕೂರಿಸುವುದೇ ನನ್ನ ಕೆಲಸ. ಬಂದವರು ಕೇಳುವುದೂ ಒಂದೇ: ನೋಡಿದವರಿಗೆ ಗೊತ್ತಾಗಬಾರದು, ಅಗಿಯಲು ಬರಬೇಕು, ನಕ್ಕರೆ ಜಾರಬಾರದು. ಸರಿಯಾಗಿ ಕೂರದ, ಮಾತು ತೊದಲಿಸುವ, ತುಟಿ ಉಬ್ಬಿಸುವ ಸೆಟ್ಟು ಬೇಕೆಂದು ಕೇಳಿದವರು ಇವರೊಬ್ಬರೇ.

ಅವರು ಹೈಸ್ಕೂಲಿನಲ್ಲಿ ನಾಟಕ ಕಲಿಸಿ ನಿವೃತ್ತರಾದವರು. ಆರಡಿಗೂ ಮಿಕ್ಕ ಎತ್ತರ, ತುಂಬಿದ ದನಿ. ಕೂದಲಿಗೆ ಬಿಳಿ ಪುಡಿ ಹಚ್ಚಿಕೊಂಡು, ನೀಲಿ ಕೋಟು ತೊಟ್ಟು, ಒಂದು ಡಾಲರ್ ನೋಟಿನ ಮೇಲೆ ಕೂತಿರುವ ಆ ಸೇನಾನಿಯಾಗಿ ಬೇ ಏರಿಯಾದ ಶಾಲೆಗಳಿಗೆ ಹೋಗಿ ಪಾತ್ರ ಮಾಡುವುದು ಅವರ ಹವ್ಯಾಸ. ಸೈನ್ಯ ನಡೆಸಿ ದೇಶಕ್ಕೆ ಸ್ವಾತಂತ್ರ್ಯ ತಂದುಕೊಟ್ಟವನು, ಆಮೇಲೆ ಅದರ ಮೊದಲ ಅಧ್ಯಕ್ಷನಾದವನು. ಪ್ರಮಾಣವಚನ ತೆಗೆದುಕೊಂಡ ದಿನ ಆತನ ಬಾಯಲ್ಲಿ ಉಳಿದಿದ್ದದ್ದು ಒಂದೇ ಹಲ್ಲು. ಅದೂ ಕೆಳಗೆ, ಎಡಬದಿಯಲ್ಲಿ. ನಟರ ಬಾಯಲ್ಲಿದ್ದ ಜಾಗದಲ್ಲೇ.

ಸ್ಯಾನ್ ಫ್ರಾನ್ಸಿಸ್ಕೋದ ಒಂದು ಸಣ್ಣ ವಸ್ತುಸಂಗ್ರಹಾಲಯದವರು ಆತನ ದಿನನಿತ್ಯದ ಬದುಕಿನ ಮೇಲೆ ಒಂದು ಪ್ರದರ್ಶನ ಏರ್ಪಡಿಸುತ್ತಿದ್ದರು. ಉದ್ಘಾಟನೆಯ ದಿನ ಈ ನಟರು ಆ ಪ್ರಮಾಣವಚನದ ಭಾಷಣ ಓದಬೇಕು, ಆತ ಹಾಕಿಕೊಂಡಿದ್ದಂಥ ಸೆಟ್ಟು ಹಾಕಿಕೊಂಡೇ ಓದಬೇಕು, ಆ ದನಿ ಹೇಗಿದ್ದಿರಬಹುದೆಂದು ಜನ ಕೇಳಬೇಕು ಎಂಬುದು ಅವರ ಆಸೆ. ನನಗೆ ಇದು ತಮಾಷೆಯ ಕೆಲಸವೆನಿಸಿತು. ಮರದ ಹಲ್ಲಲ್ಲವೇ ಆತನದು ಎಂದೆ. ನಟರು ನಕ್ಕು, ಎಲ್ಲರೂ ಹಾಗೇ ಅಂದುಕೊಂಡಿದ್ದಾರೆ, ಮರ ಯಾವತ್ತೂ ಇರಲಿಲ್ಲ ಎಂದರು.

ಮರುವಾರ ಪ್ರದರ್ಶನದ ಹೊಣೆ ಹೊತ್ತ ಕ್ಯುರೇಟರ್ ಕ್ಲಿನಿಕ್ಕಿಗೆ ಬಂದರು. ನಲವತ್ತರ ಆಸುಪಾಸಿನ ಕಪ್ಪು ಮಹಿಳೆ, ಅಳೆದು ಮಾತಾಡುವವರು. ಆ ಕಾಲದವೆಂದು ಉಳಿದಿರುವ ಸೆಟ್ಟುಗಳ ಚಿತ್ರಗಳನ್ನೂ ಅಳತೆಗಳನ್ನೂ ನನ್ನ ಸ್ಕ್ರೀನಿನ ಮೇಲೆ ಹಾಕಿದರು. ನಾನು ಕಾಫಿ ತಣ್ಣಗಾಗಲು ಬಿಟ್ಟು ನೋಡುತ್ತಾ ಕೂತೆ.

ನೀರಾನೆಯ ಕೋರೆಯಿಂದ ಕೆತ್ತಿದ ದವಡೆ. ಅದರೊಳಗೆ ಸಣ್ಣ ಚಿನ್ನದ ಮೊಳೆಗಳಿಂದ ಕೂರಿಸಿದ ಮನುಷ್ಯರ ಹಲ್ಲು. ಉಳಿದ ಒಂದು ಹಲ್ಲು ಹಾದುಬರಲು ಕೋರೆಯಲ್ಲೇ ಕೊರೆದ ತೂತು. ಮೇಲಿನದನ್ನೂ ಕೆಳಗಿನದನ್ನೂ ಎರಡು ಬದಿಯಲ್ಲಿ ಸೇರಿಸುವ ಸುರುಳಿ ಸ್ಪ್ರಿಂಗುಗಳು. ಈಗಿನ ಸೆಟ್ಟು ಅಂಗುಳಕ್ಕೆ ಅಂಟಿ ನಿಲ್ಲುವುದು ಜೊಲ್ಲಿನ ತೆಳು ಪದರದ ಹೀರುವಿಕೆಯಿಂದ. ಆಗ ಆ ಗುಟ್ಟು ಯಾರಿಗೂ ತಿಳಿದಿರಲಿಲ್ಲ. ಸ್ಪ್ರಿಂಗುಗಳೇ ಮೇಲಿನದನ್ನು ಮೇಲಕ್ಕೂ ಕೆಳಗಿನದನ್ನು ಕೆಳಕ್ಕೂ ಸದಾ ದೂಡುತ್ತಿರಬೇಕು. ಎಂದರೆ ಹಾಕಿಕೊಂಡವನ ಬಾಯಿ ತಾನಾಗಿ ತೆರೆದುಕೊಳ್ಳುತ್ತದೆ. ಮುಚ್ಚಿಡಬೇಕಾದರೆ ಎಚ್ಚರವಿರುವಷ್ಟು ಹೊತ್ತೂ ದವಡೆ ಬಿಗಿ ಹಿಡಿದಿರಬೇಕು.

ಅಳತೆಯನ್ನು ಜೇನುಮೇಣದಲ್ಲಿ ತೆಗೆಯುತ್ತಿದ್ದರಂತೆ. ಅದರಿಂದ ಅಚ್ಚು ಹೊಯ್ದು, ಅಚ್ಚಿಗೆ ಬಣ್ಣ ಬಳಿದು, ಕೋರೆಯ ತುಂಡನ್ನು ಅದರ ಮೇಲೆ ಕೂರಿಸಿ ಎತ್ತುವುದು. ಬಣ್ಣ ಮೆತ್ತಿದ ಕಡೆ ಕೆತ್ತುವುದು. ಮತ್ತೆ ಕೂರಿಸುವುದು, ಮತ್ತೆ ಎತ್ತುವುದು. ನಾನು ಇವತ್ತಿಗೂ ಒತ್ತುವ ಜಾಗ ಹುಡುಕಲು ಸೆಟ್ಟಿನ ಒಳಮೈಗೆ ಬಿಳಿ ಪೇಸ್ಟು ಬಳಿಯುತ್ತೇನೆ, ಪೇಸ್ಟು ಅಳಿಸಿಹೋದ ಕಡೆ ಉಜ್ಜುತ್ತೇನೆ. ವಿದ್ಯೆ ಅದೇ. ನನ್ನ ಕೈಯಲ್ಲಿ ವಿದ್ಯುತ್ತಿನಿಂದ ತಿರುಗುವ ಉಪಕರಣವಿದೆ, ಆ ಕಾಲದ ದಂತವೈದ್ಯನ ಕೈಯಲ್ಲಿ ಉಳಿ ಇತ್ತು. ಎಷ್ಟೋ ಸಲ ರೋಗಿ ಎದುರಿಗಿರುತ್ತಿರಲಿಲ್ಲ. ಅಧ್ಯಕ್ಷ ಒಂದೂರಿನಲ್ಲಿ, ದಂತವೈದ್ಯ ಇನ್ನೊಂದೂರಿನಲ್ಲಿ, ಸೆಟ್ಟು ಅಂಚೆಯಲ್ಲಿ ಹೋಗಿ ಬರುತ್ತಿತ್ತು. ತುಟಿ ಇನ್ನಷ್ಟು ಮುಂದೆ ಬರುವ ಹಾಗೆ ಏನನ್ನೂ ಮಾಡಬೇಡಿ ಎಂದು ಅಧ್ಯಕ್ಷ ಬರೆದು ಕೇಳಿಕೊಂಡಿದ್ದನಂತೆ. ನನ್ನ ರೋಗಿಗಳು ಫೋನಿನಲ್ಲಿ ಹೇಳುವ ಮಾತೇ ಅದು. ದೇಶ ಕಟ್ಟುತ್ತಿದ್ದವನೂ ಕನ್ನಡಿಯೆದುರು ನಿಂತು ತುಟಿ ಒತ್ತಿ ನೋಡಿಕೊಂಡಿದ್ದನಲ್ಲ ಎಂದು ನನಗೆ ಆತನ ಮೇಲೆ ಮೊದಲ ಬಾರಿಗೆ ಸಲಿಗೆ ಹುಟ್ಟಿತು.

ಆ ಹಲ್ಲುಗಳು ಯಾರವು ಎಂದು ನಾನಾಗಿ ಕೇಳಲಿಲ್ಲ. ಹೊರಡುವ ಮುಂಚೆ ಕ್ಯುರೇಟರ್ ತಾವೇ ಹೇಳಿದರು. ಆತ ಗುಲಾಮರಿಂದ ಹಲ್ಲು ಕೊಂಡದ್ದಕ್ಕೆ ದಾಖಲೆಯಿದೆ, ಇವು ಅವೇ ಹೌದೋ ಅಲ್ಲವೋ ಖಚಿತವಾಗಿ ಹೇಳುವವರಿಲ್ಲ ಎಂದು. ಅದನ್ನು ಅವರು ಅಳತೆಗಳನ್ನು ಓದಿದ ದನಿಯಲ್ಲೇ ಹೇಳಿದ್ದರಿಂದ ನಾನೂ ಅಳತೆಗಳ ಜೊತೆಗೇ ಬರೆದುಕೊಂಡೆ.

ಮೊದಲ ಸೆಟ್ಟು ಬೇಗ ತಯಾರಾಯಿತು, ಯಾಕೆಂದರೆ ನಾನು ಮೋಸ ಮಾಡಿದ್ದೆ. ಒಳಗೆ ಈಗಿನ ಕಾಲದ ಸೆಟ್ಟು, ಅಂಗುಳಕ್ಕೆ ಅಚ್ಚುಕಟ್ಟಾಗಿ ಹೀರಿಕೊಳ್ಳುವಂಥದ್ದು. ಹೊರಗೆ ದಂತದ ಬಣ್ಣ, ಶೋಕಿಗೆ ಎರಡು ಸಡಿಲ ಸ್ಪ್ರಿಂಗು. ನಟರಿಗೆ ನೋವಾಗಬಾರದೆಂದು ಹಾಗೆ ಮಾಡಿದ್ದು. ಸಂಗ್ರಹಾಲಯದ ಸಭಾಂಗಣದಲ್ಲಿ ಅದನ್ನು ಹಾಕಿಕೊಂಡು ಓದಿದರು. ದನಿ ಗೋಡೆಗೆ ಬಡಿದು ವಾಪಸು ಬಂತು, ಅಕ್ಷರ ಅಕ್ಷರವೂ ಸ್ಪಷ್ಟ. ಕ್ಯುರೇಟರ್ ಚೆನ್ನಾಗಿದೆ ಎಂದರು. ನಟರು ಮಾತ್ರ ಮೆಟ್ಟಿಲಿಳಿದು ನನ್ನ ಪಕ್ಕದ ಖಾಲಿ ಕುರ್ಚಿಯಲ್ಲಿ ಕೂತರು. ಆತ ಪ್ರಮಾಣವಚನ ತೆಗೆದುಕೊಂಡ ದಿನದ ಕಥೆ ಹೇಳಿದರು.

ಕುದುರೆಯ ಮೇಲೆ ಕೂತರೆ ಆತನಂಥ ಸವಾರ ಇನ್ನೊಬ್ಬನಿಲ್ಲ ಎನ್ನುತ್ತಿದ್ದರಂತೆ. ಎಂಟು ವರ್ಷದ ಯುದ್ಧದಲ್ಲಿ ಗುಂಡುಗಳ ನಡುವೆ ಓಡಾಡಿದವನು. ಅಂಥವನು ಪ್ರಮಾಣ ತೆಗೆದುಕೊಂಡು ಒಳಗೆ ಬಂದು ಕಾಗದ ಹಿಡಿದು ಓದತೊಡಗಿದಾಗ ಕೈ ನಡುಗುತ್ತಿತ್ತಂತೆ. ದನಿ ಎಷ್ಟು ಕೆಳಗಿತ್ತೆಂದರೆ ಜನ ಕಿವಿಗೊಟ್ಟು ಕೇಳಬೇಕಾಗಿತ್ತಂತೆ.

"ನಾನು ಇಷ್ಟು ವರ್ಷ ಆ ಭಾಷಣವನ್ನು ಗುಡುಗಿನ ಹಾಗೆ ಓದಿದ್ದೇನೆ, ಡಾಕ್ಟರ್. ಆತ ಗುಡುಗಲೇ ಇಲ್ಲ. ಆತ ಹೊತ್ತಿದ್ದನ್ನು ಒಂದು ಸಲವಾದರೂ ನಾನು ಹೊರಬೇಕು," ಎಂದರು.

ಸ್ಪ್ರಿಂಗಿನ ಕೆಲಸ ಮತ್ತೆ ಮೊದಲಿಂದ ಶುರುವಾಯಿತು. ಹಲ್ಲು ನೇರ ಮಾಡುವವರು ಬಳಸುವ ಉಕ್ಕಿನ ತಂತಿಯನ್ನು ಸರಳಿಗೆ ಸುತ್ತಿ ಸುರುಳಿ ಮಾಡಿದೆ. ಮೊದಲನೆಯದು ಎಷ್ಟು ಬಿರುಸಾಗಿತ್ತೆಂದರೆ ಸೆಟ್ಟು ನನ್ನ ಬೆರಳು ತಪ್ಪಿಸಿಕೊಂಡು ಕಿಟಕಿಗೆ ಹಾರಿತು. ಮುಂದಿನದು ಮೆದುವಾಗಿ ಮೇಲಿನ ಸಾಲು ನಟರ ನಾಲಗೆಯ ಮೇಲೆ ಬಿತ್ತು. ತಂತಿಯ ದಪ್ಪ, ಸುತ್ತುಗಳ ನಡುವಿನ ಸಂದು, ಮೊಳೆ ಕೂರುವ ಜಾಗ, ಒಂದನ್ನು ಬದಲಿಸಿದರೆ ಇನ್ನೊಂದು ಕೆಡುತ್ತಿತ್ತು. ಸುರುಳಿ ಕೆನ್ನೆಯ ಒಳಗೋಡೆಯನ್ನು ಕಚ್ಚಿ ಹಿಡಿಯುವುದು ಬೇರೆ. ಸಂಜೆ ಮನೆಗೂ ತಂದು ಊಟದ ಮೇಜಿನ ಮೇಲೆ ಹರಡಿಕೊಂಡು ಕೂರುತ್ತಿದ್ದೆ. ನಮ್ಮತ್ತೆ ಧಾರವಾಡದವರು, ಏಳು ವರ್ಷದಿಂದ ನಮ್ಮ ಜೊತೆಗಿದ್ದಾರೆ. ಬಗ್ಗಿ ನೋಡಿ, "ಇದೇನವಾ, ಇಲಿ ಬೋನು ಇದ್ದಾಂಗ ಅದ," ಎಂದರು. ಅವರ ಬಾಯಲ್ಲಿರುವ ಸೆಟ್ಟೂ ನಾನೇ ಮಾಡಿದ್ದು. ಅದು ಎಷ್ಟು ಸಲೀಸಾಗಿ ಕೂತಿದೆಯೆಂದರೆ ರೊಟ್ಟಿಯನ್ನೂ ಮುರಿಯುತ್ತಾರೆ. ಆದರೂ ಮೊದಲ ತಿಂಗಳು ಬಾಯೊಳಗೆ ಮಂದಿ ಮನೆ ಹೊಕ್ಕಂತೆ ಇತ್ತೆಂದು ಅವತ್ತು ನೆನೆಸಿಕೊಂಡರು.

ಕೊನೆಗೆ ಒಂದು ಸುರುಳಿ ಹದಕ್ಕೆ ಬಂತು. ನಟರನ್ನು ಕರೆಸಿ, ಸೆಟ್ಟನ್ನು ಎರಡು ಬೆರಳಲ್ಲಿ ಅಮುಕಿ ಹಿಡಿದು ಬಾಯೊಳಗೆ ಸೇರಿಸಿ, ಒಂಟಿ ಹಲ್ಲನ್ನು ತೂತಿನಲ್ಲಿ ಹಾಯಿಸಿ, ಕೈ ಬಿಟ್ಟೆ. ಸ್ಪ್ರಿಂಗು ತೆರೆದುಕೊಂಡಿತು. ದಪ್ಪ ಅಂಚುಗಳು ತುಟಿಯನ್ನು ಹೊರಕ್ಕೆ ದೂಡಿದವು. ಅವರು ಕಷ್ಟಪಟ್ಟು ದವಡೆ ಕೂಡಿಸಿ ಬಾಯಿ ಮುಚ್ಚಿದರು. ಕೆನ್ನೆಯ ಕೆಳಭಾಗ ಗಟ್ಟಿಯಾಗಿ, ತುಟಿಗಳು ಒಂದು ಗೆರೆಯಾಗಿ, ಬಾಯಿಯ ಸುತ್ತ ಒಂದು ಉಬ್ಬು ಎದ್ದಿತು.

ನನ್ನ ಕೈಗಳು ಹಾಗೇ ಗಾಳಿಯಲ್ಲಿ ನಿಂತವು. ನೋಟಿನ ಮೇಲಿನ ಮುಖ ನನ್ನ ಕುರ್ಚಿಯಲ್ಲಿ ಕೂತಿತ್ತು. ಈ ದೇಶಕ್ಕೆ ಬಂದಾಗಿನಿಂದ ದಿನಸಿ ಅಂಗಡಿಯಲ್ಲಿ, ಪಾರ್ಕಿಂಗಿನಲ್ಲಿ ಎಷ್ಟು ಸಾವಿರ ಸಲ ಆ ಮುಖವನ್ನು ಮಡಿಸಿ ಕೊಟ್ಟಿದ್ದೇನೋ. ಆ ಬಿಗಿದ ಬಾಯನ್ನು ನಾನು ಗಾಂಭೀರ್ಯವೆಂದುಕೊಂಡಿದ್ದೆ, ಸ್ವಲ್ಪ ಜಂಬವೆಂದೂ ಅಂದುಕೊಂಡಿದ್ದೆ. ಅದು ತಾನಾಗಿ ತೆರೆದುಕೊಳ್ಳುವ ಬಾಯಿಯನ್ನು ಮುಚ್ಚಿ ಹಿಡಿದ ಮುಖ. ಚಿತ್ರಕಾರನೆದುರು ಗಂಟೆಗಟ್ಟಲೆ ಆತ ಹಾಗೆ ಕೂತಿದ್ದ. ಸಭೆಗಳಲ್ಲಿ, ಔತಣಗಳಲ್ಲಿ, ಒಬ್ಬರನ್ನೊಬ್ಬರು ಹರಿದು ತಿನ್ನುತ್ತಿದ್ದ ಮಂತ್ರಿಗಳ ನಡುವೆ ಹಾಗೇ ಕೂತಿದ್ದ. ಆತ ಮಿತಭಾಷಿಯೆಂದು ಎಲ್ಲರೂ ಹೇಳುತ್ತಾರೆ. ಕಾರಣವೆಲ್ಲ ಹಲ್ಲೇ ಎಂದು ನಾನು ಹೇಳಲಾರೆ. ಆದರೆ ಒಂದೊಂದು ಮಾತಿಗೂ ಇಷ್ಟು ಕಷ್ಟಪಡಬೇಕಾದವನು ಬೇಡದ ಮಾತನ್ನು ಆಡಿರಲಾರ. ಕನ್ನಡಿ ಕೊಟ್ಟೆ. ನಟರು ಬಹಳ ಹೊತ್ತು ನೋಡಿಕೊಂಡರು, ಅವರ ಕಣ್ಣು ಒದ್ದೆಯಾಯಿತು.

ಮಾತು ಕಲಿಸುವುದು ಆಮೇಲಿನ ಕೆಲಸ. ನಮ್ಮ ಕಡೆಯ ಹಿರಿಯರು ಬಂದರೆ ನಾನು ಸಾಸಿವೆ, ಸೊಪ್ಪು, ಹುಣಸೆ ಎಂದು ಹೇಳಿಸುತ್ತೇನೆ. ಸಕಾರ ಸರಿಯಾಗಿ ಬಂದರೆ ಹಲ್ಲುಗಳ ನಡುವಿನ ಅಂತರ ಸರಿಯಿದೆ ಎಂದು ಅರ್ಥ. ನಟರ ಸಕಾರವೆಲ್ಲ ಶಕಾರವಾಗಿ, ಶಕಾರ ಸಿಳ್ಳೆಯಾಗಿ ಹೊರಬಂತು. ಗಟ್ಟಿಯಾಗಿ ಹೇಳಲು ಬಾಯಿ ಅಗಲಿಸಿದರೆ ಸ್ಪ್ರಿಂಗು ಅದನ್ನು ಇನ್ನೂ ಅಗಲಿಸಿ ಹಾಗೇ ನಿಲ್ಲಿಸುತ್ತಿತ್ತು. ತುಟಿ ಅಲುಗದ ಹಾಗೆ, ಹಲ್ಲು ಕಚ್ಚಿಕೊಂಡೇ, ಸಣ್ಣ ದನಿಯಲ್ಲಿ ಹೇಳಿದರೆ ಮಾತ್ರ ಮಾತು ಮಾತಾಗುತ್ತಿತ್ತು. ಅವರು ಮನೆಯಲ್ಲಿ ದಿನಾ ಅಭ್ಯಾಸ ಮಾಡಿದರು. ನಾನು ಹೇಳಿದ್ದಕ್ಕಿಂತ ಹೆಚ್ಚೇ ಮಾಡಿದರು.

ಮೂರನೆಯ ವಾರ ಬಂದಾಗ ಬಾಯಿ ತೆರೆಸಿ ನೋಡಿದೆ. ಕೆಳ ಒಸಡಿನ ಉದ್ದಕ್ಕೂ ಕೆಂಪು ಹುಣ್ಣು. ಒಂಟಿ ಹಲ್ಲನ್ನು ಎರಡು ಉಪಕರಣಗಳ ಹಿಡಿಕೆಗಳ ನಡುವೆ ಹಿಡಿದು ಮೆಲ್ಲನೆ ಅಲ್ಲಾಡಿಸಿದೆ. ತಿಂಗಳ ಹಿಂದೆ ಗಟ್ಟಿಯಿದ್ದ ಹಲ್ಲು ಎರಡೂ ಕಡೆ ವಾಲಿತು. ಅವರ ಮಾಮೂಲಿ ಸೆಟ್ಟು ನಿಲ್ಲುವುದೂ ಆ ಹಲ್ಲಿನ ಆಸರೆಯಿಂದಲೇ. ಅದು ಹೋದರೆ ದಿನದ ಊಟಕ್ಕೂ ಸಂಚಕಾರ. ನಾನು ಸೆಟ್ಟನ್ನು ತಟ್ಟೆಯಲ್ಲಿಟ್ಟು, ಇದು ಇಲ್ಲಿಗೆ ಸಾಕು ಎಂದೆ.

ಅವರು ಒಪ್ಪಲಿಲ್ಲ. ಆತ ವರ್ಷಗಟ್ಟಲೆ ಸಹಿಸಿದ ಎಂದರು.

"ಆತನಿಗೆ ಬೇರೆ ದಾರಿ ಇರಲಿಲ್ಲ. ನಿಮಗಿದೆ. ಗೊತ್ತಿದ್ದೂ ನಿಮ್ಮ ಹಲ್ಲು ಕೀಳಿಸುವ ಕೆಲಸ ನಾನು ಮಾಡಲ್ಲ," ಎಂದೆ.

ಮುಖ ಮುದುಡಿಕೊಂಡು ಹೊರಟುಹೋದರು. ನಾನು ಕ್ಯುರೇಟರ್‌ಗೆ ಫೋನು ಮಾಡಿ, ಬೇರೆ ಏರ್ಪಾಡು ನೋಡಿಕೊಳ್ಳಿ ಎಂದು ಹೇಳಿದೆ. ಅವರು ಬೇಸರ ತೋರಿಸಲಿಲ್ಲ, ರೋಗಿಯೇ ಮೊದಲು ಎಂದರು. ಅದೇ ನನಗೆ ಹೆಚ್ಚು ಚುಚ್ಚಿತು. ಎರಡು ದಿನ ಹಾಗೇ ಬಿಟ್ಟೆ. ಆದರೆ ಕುರ್ಚಿಯಲ್ಲಿ ಮೂಡಿದ ಆ ಮುಖ ತಲೆಯಿಂದ ಹೋಗಲಿಲ್ಲ. ಫ್ರೀವೇಯಲ್ಲಿ ಕಾರು ನಿಂತು ನಿಂತು ಸಾಗುವಾಗಲೆಲ್ಲ ಲೆಕ್ಕ ಹಾಕುತ್ತಿದ್ದೆ: ಸ್ಪ್ರಿಂಗಿನ ಭಾರ ಹಲ್ಲಿನ ಮೇಲೆ ಬೀಳುವುದು ತೂತಿನ ಅಂಚಿನಿಂದ. ತೂತನ್ನು ಅಗಲ ಮಾಡಿ ಹಲ್ಲಿಗೆ ಸೆಟ್ಟು ತಾಗದೇ ಇರುವ ಹಾಗೆ ಮಾಡಿದರೆ? ಒಸಡಿನ ಮೇಲೆ ಮೆದು ಪದರ ಕೊಟ್ಟರೆ? ಅಭ್ಯಾಸ ಪೂರ್ತಿ ನಿಲ್ಲಿಸಿ, ಉದ್ಘಾಟನೆಯ ದಿನ ಮಾತ್ರ ಹಾಕಿ, ಭಾಷಣದ ಮೊದಲ ಭಾಗ ಓದಿದ ಕೂಡಲೇ ತೆಗೆದರೆ?

ಮೂರನೆಯ ದಿನ ನಟರಿಗೆ ಕರೆ ಮಾಡಿ ನನ್ನ ಷರತ್ತು ಹೇಳಿದೆ. ಹುಣ್ಣು ಪೂರ್ತಿ ಮಾಗಬೇಕು. ಅಲ್ಲಿಯವರೆಗೆ ಸೆಟ್ಟು ನನ್ನ ಹತ್ತಿರವೇ ಇರುತ್ತದೆ. ಆ ದಿನ ನಾನು ಎದುರಿಗಿರುತ್ತೇನೆ, ಕೈ ಎತ್ತಿದರೆ ಅಲ್ಲಿಗೇ ತೆಗೆಯಬೇಕು. ಅವರು ಎಲ್ಲಕ್ಕೂ ಒಪ್ಪಿದರು. ಒಂದು ಮಾತು ಇಲ್ಲೇ ಹೇಳಿಬಿಡುತ್ತೇನೆ: ವಿಶ್ರಾಂತಿ ಸಿಕ್ಕ ಮೇಲೆ ಆ ಹಲ್ಲು ಮತ್ತೆ ಬಿಗಿಯಾಯಿತು, ಇವತ್ತಿಗೂ ಅಲ್ಲೇ ಇದೆ.

ಕೆಳಗಿನ ಸಾಲನ್ನು ಹೊಸದಾಗಿ ಮಾಡಬೇಕಿತ್ತು. ಒಂದು ಶನಿವಾರ ಮಧ್ಯಾಹ್ನ ಅಡುಗೆಮನೆಯ ಬೆಳಕಿನಲ್ಲಿ ಮೇಣದ ಮೇಲೆ ಹಲ್ಲು ಜೋಡಿಸುತ್ತಿದ್ದೆ. ನಾವು ಹಲ್ಲುಗಳನ್ನು ಕಾರ್ಡಿನ ಲೆಕ್ಕದಲ್ಲಿ ತರಿಸುತ್ತೇವೆ. ಒಂದು ಕಾರ್ಡಿನಲ್ಲಿ ಒಂದೇ ಬಣ್ಣದ, ಒಂದಕ್ಕೊಂದು ಹೊಂದುವ ಒಂದು ಸಾಲು. ಅವನ್ನೇ ಚಹಾದ ಬಣ್ಣದಲ್ಲಿ ಮಬ್ಬು ಮಾಡಿ ಹಳೆಯದಾಗಿ ಕಾಣಿಸಿದ್ದೆ. ಅವರೆಕಾಯಿ ಸುಲಿಯುತ್ತಾ ಎದುರಿಗೆ ಕೂತಿದ್ದ ಅತ್ತೆ ಕೇಳಿದರು:

"ಅವನ ಖರೇ ಸೆಟ್ಟಿನ್ಯಾಗ ಇದ್ದವು ಯಾರ ಹಲ್ಲವಾ?"

"ಮನುಷ್ಯರದ್ದೇ ಅತ್ತೆ. ಅವನ ಹತ್ರ ಗುಲಾಮರಿದ್ರಲ್ಲ, ಅಂಥವರಿಂದ ಹಲ್ಲು ತಗೊಂಡಿದ್ದ. ಇದರಲ್ಲಿ ಇದ್ದಿದ್ದು ಅವೇನಾ ಅಂತ ಯಾರಿಗೂ ಸರಿಯಾಗಿ ಗೊತ್ತಿಲ್ಲ."

ಅವರ ಕೈ ಕಾಳಿನ ಮೇಲೆ ನಿಂತಿತು. "ಜೀವಂತ ಇದ್ದಾಗ ಕಿತ್ತಾರೇನು?"

"ಹೂಂ. ಆಗ ಮರಗಟ್ಟಿಸೋ ಇಂಜೆಕ್ಷನ್ನೂ ಇರಲಿಲ್ಲ."

ಅತ್ತೆ ಬಟ್ಟಲು ಎತ್ತಿಕೊಂಡು ತಮ್ಮ ಕೋಣೆಗೆ ಹೋದರು. ನನ್ನ ಕೈಯಲ್ಲಿ ಚಿಮಟ ಹಾಗೇ ಇತ್ತು. ಎಷ್ಟೋ ಸಾವಿರ ಹಲ್ಲು ಕಿತ್ತಿದ್ದೇನೆ. ಬೇರು ಬಿಡುವಾಗ ಮೂಳೆಯಿಂದ ಬರುವ ಸಣ್ಣ ಶಬ್ದ ನನಗೆ ಗೊತ್ತು, ಮರಗಟ್ಟಿಸಿದ ಮೇಲೂ ರೋಗಿಯ ಕಾಲ್ಬೆರಳು ಮಡಚಿಕೊಳ್ಳುವುದು ಗೊತ್ತು. ಕ್ಯುರೇಟರ್ ಆ ವಿಷಯ ಹೇಳಿದ ದಿನ ಅದನ್ನು ಅಳತೆಗಳ ಜೊತೆ ಬರೆದುಕೊಂಡವಳೂ ನಾನೇ.

ಚಿತ್ರಗಳನ್ನು ಮತ್ತೆ ತೆಗೆದು ದೊಡ್ಡದು ಮಾಡಿ ನೋಡಿದೆ. ಈ ಸಲ ಮೊಳೆ, ಸ್ಪ್ರಿಂಗು, ಕೋರೆ ಬಿಟ್ಟು ಹಲ್ಲುಗಳನ್ನೇ ನೋಡಿದೆ. ಅವು ಒಂದೇ ಬಾಯಿಯವಲ್ಲ ಎಂದು ಹೇಳಲು ತಜ್ಞೆಯೇ ಆಗಬೇಕಿರಲಿಲ್ಲ. ಒಂದರ ಅಗಲ ಇನ್ನೊಂದಕ್ಕಿಲ್ಲ, ಒಂದರ ಸವೆತ ಇನ್ನೊಂದಕ್ಕಿಲ್ಲ. ಅಕ್ಕಪಕ್ಕ ಹುಟ್ಟದವುಗಳನ್ನು ಅಕ್ಕಪಕ್ಕ ನಿಲ್ಲಿಸಿದ್ದರು. ನಾನು ಅವಕ್ಕೆಲ್ಲ ಒಂದೇ ಕಾರ್ಡಿನ ಹಲ್ಲು ಹಾಕಿ ಅಚ್ಚುಕಟ್ಟು ಮಾಡಿದ್ದೆ. ಜೋಡಿಸಿದ್ದ ಸಾಲನ್ನು ಮೇಣದಿಂದ ಒಂದೊಂದಾಗಿ ಎಬ್ಬಿಸಿ ತೆಗೆದೆ.

ನಿಜವಾದ ಮನುಷ್ಯರ ಹಲ್ಲನ್ನು ಇನ್ನೊಬ್ಬರ ಬಾಯಿಗೆ ನಾನು ಹಾಕುವುದಿಲ್ಲ. ಅದು ಕಾನೂನಿನ ಮಾತಲ್ಲ, ನನ್ನ ಮಾತು. ಹಲ್ಲು ತುಂಬಲು ಬಳಸುವ ಗಾರೆಯನ್ನೇ ಪದರ ಪದರವಾಗಿ ಹಚ್ಚಿ, ಬೆಳಕಿನಲ್ಲಿ ಗಟ್ಟಿ ಮಾಡಿ, ಒಂದೊಂದು ಹಲ್ಲನ್ನೂ ಬೇರೆ ಬೇರೆ ಮನುಷ್ಯರದೆಂದುಕೊಂಡು ಕೆತ್ತಿದೆ. ಒಂದು, ದಾರ ಕಚ್ಚಿ ಕಚ್ಚಿ ಅಂಚಿನಲ್ಲಿ ಕಚ್ಚು ಬಿದ್ದ ಹೊಲಿಗೆಯವಳದು. ಒಂದು, ಒರಟು ಹಿಟ್ಟಿನ ಊಟದಿಂದ ಚಪ್ಪಟೆಯಾಗಿ ಸವೆದ ವಯಸ್ಸಾದವನದು. ಒಂದು, ಏಟು ಬಿದ್ದು ಬಣ್ಣ ಕಳೆದುಕೊಂಡದ್ದು. ಒಂದಕ್ಕೆ ಮಾತ್ರ ಅಂಚಿನಲ್ಲಿ ಗರಗಸದಂಥ ಸಣ್ಣ ಏರಿಳಿತ ಬಿಟ್ಟೆ. ಹುಟ್ಟಿದ ಹೊಸದರಲ್ಲಿ ಹಲ್ಲಿಗೆ ಅದಿರುತ್ತದೆ, ಅಗಿದಂತೆಲ್ಲ ಸವೆದುಹೋಗುತ್ತದೆ. ಇವೆಲ್ಲ ನನ್ನ ಕಲ್ಪನೆ, ಯಾವ ಚಿತ್ರದಲ್ಲೂ ಇಲ್ಲ. ನಾನು ಬಾಯೊಳಗೆ ನೋಡಿ ಕಲಿತದ್ದನ್ನೆಲ್ಲ ಅದರಲ್ಲಿ ಹಾಕಿದೆ. ಇಷ್ಟು ವರ್ಷದಲ್ಲಿ ಯಾವ ಕೆಲಸಕ್ಕೂ ನನ್ನ ಕೈ ಅಷ್ಟು ನಿಧಾನವಾಗಿರಲಿಲ್ಲ.

ಕ್ಯುರೇಟರ್‌ಗೆ ತೋರಿಸಲು ರೈಲಿನಲ್ಲಿ ಸ್ಯಾನ್ ಫ್ರಾನ್ಸಿಸ್ಕೋಗೆ ಹೋದೆ. ನಾನು ಕಲ್ಪಿಸಿದ್ದು ಯಾವುದು, ನೋಡಿ ಮಾಡಿದ್ದು ಯಾವುದು ಎಂದು ಬಿಡಿಸಿ ಹೇಳಿದೆ. ಬೇಡವೆಂದರೆ ಕಾರ್ಡಿನ ಹಲ್ಲು ಹಾಕುತ್ತೇನೆ ಎಂದೆ. ಅವರು ಭೂತಗನ್ನಡಿ ಹಿಡಿದು ಒಂದು ತುದಿಯಿಂದ ನೋಡುತ್ತಾ ಹೋದರು. ಗರಗಸದ ಅಂಚಿನ ಹಲ್ಲಿನ ಮೇಲೆ ಕನ್ನಡಿ ನಿಂತಿತು.

"ಇದು ಚಿಕ್ಕ ವಯಸ್ಸಿನವರದು, ಅಲ್ಲವೇ?" ಎಂದರು.

ಹೌದೆಂದೆ. ಅವರು ಕನ್ನಡಿಯನ್ನು ಮೇಜಿನ ಮೇಲಿಟ್ಟು ಎದ್ದು ಹೊರಗೆ ಹೋದರು. ನಾನು ತಪ್ಪು ಮಾಡಿದೆನೇನೋ ಎಂದು ಕೂತಲ್ಲೇ ಚಡಪಡಿಸಿದೆ. ವಾಪಸು ಬಂದವರು ಒಂದೇ ಮಾತು ಹೇಳಿದರು, ಇದನ್ನೇ ಇಡೋಣ ಎಂದು. ಯಾವುದು ಕಲ್ಪನೆ ಎಂಬುದನ್ನು ಫಲಕದಲ್ಲಿ ಬರೆಸುತ್ತೇನೆ ಎಂದೂ ಹೇಳಿದರು.

ಉದ್ಘಾಟನೆ ಒಂದು ಭಾನುವಾರ ಮಧ್ಯಾಹ್ನ. ಅತ್ತೆಯೂ ಬಂದರು. ಇಂಗ್ಲಿಷು ಅವರಿಗೆ ಅಷ್ಟಕ್ಕಷ್ಟೇ, ಆದರೂ ನೀ ಮಾಡಿದ್ದು ಹೆಂಗ ಮಾತಾಡ್ತದ ನೋಡೂಣು ಎಂದು ಶಾಲು ಹೊದ್ದು ಕಾರು ಹತ್ತಿದ್ದರು. ಸಭಾಂಗಣ ತುಂಬಿತ್ತು. ಪರದೆಯ ಹಿಂದೆ ನಟರ ಬಾಯಿ ನೋಡಿ, ಸೆಟ್ಟು ಕೂರಿಸಿ, ನಾನು ಮುಂದಿನ ಸಾಲಿನ ತುದಿಯಲ್ಲಿ ಬಂದು ಕೂತೆ.

ಅವರು ಬಂದು ನಿಂತರು. ತಕ್ಷಣ ಓದಲಿಲ್ಲ. ಬಿಗಿದ ಬಾಯಿಯಲ್ಲಿ ನಿಂತು ಜನರನ್ನು ನೋಡಿದರು. ಸಭೆಯಲ್ಲಿ ಸಣ್ಣ ಉಸಿರೊಂದು ಹರಿದಾಡಿತು, ಎಲ್ಲರಿಗೂ ಮುಖದ ಗುರುತು ಹತ್ತಿತ್ತು. ಕಾಗದ ತೆರೆದಾಗ ಅವರ ಕೈ ನಡುಗಿತು. ಅದು ನಟನೆಯೋ ಅಲ್ಲವೋ ನನಗೆ ಇವತ್ತಿಗೂ ಗೊತ್ತಿಲ್ಲ. ದನಿ ಹೊರಟಿತು. ತಗ್ಗಿದ, ತೊಡರುವ, ಹಲ್ಲುಗಳ ನಡುವೆ ಸೋಸಿ ಬರುವ ದನಿ. ಹಿಂದಿನ ಸಾಲುಗಳವರು ಮುಂದಕ್ಕೆ ಬಾಗಿದರು. ಕೆಮ್ಮುತ್ತಿದ್ದವರೊಬ್ಬರು ಬಾಯಿಗೆ ಕೈ ಅಡ್ಡ ಹಿಡಿದರು. ದೊಡ್ಡ ದನಿ ಇದ್ದಿದ್ದರೆ ಜನ ಆರಾಮಾಗಿ ಒರಗಿ ಕೇಳುತ್ತಿದ್ದರು. ಈ ದನಿಗೆ ಇಡೀ ಸಭೆ ತಾನೇ ಎದ್ದು ಹತ್ತಿರ ಹೋದಂತಿತ್ತು. ಗೆದ್ದ ಸೈನ್ಯವನ್ನು ಕೈಯಲ್ಲಿಟ್ಟುಕೊಂಡೂ ರಾಜನಾಗದೆ ಮನೆಗೆ ಹೋದವನು, ಕರೆದಾಗ ಹೀಗೆ ಅಂಜುತ್ತಾ ಬಂದು ನಿಂತ ದಿನ ಹೇಗಿತ್ತೋ, ಒಂದು ಕ್ಷಣ ಅದು ನಮ್ಮ ನಡುವೆಯೇ ಇತ್ತು.

ಮೊದಲ ಭಾಗ ಮುಗಿಯಿತು. ನಾವು ಮಾತಾಡಿಕೊಂಡಿದ್ದಂತೆ ಅವರು ಪರದೆಯ ಹಿಂದೆ ಹೋಗಿ ಸೆಟ್ಟು ತೆಗೆದು, ತಮ್ಮ ಮಾಮೂಲಿ ಸೆಟ್ಟು ಹಾಕಿಕೊಂಡು ಬಂದು ಆತನ ಉಳಿದ ಕಥೆ ಹೇಳಬೇಕಿತ್ತು. ಹೋಗಲಿಲ್ಲ. ನಿಂತಲ್ಲೇ ಬಾಯಿಗೆ ಕೈಹಾಕಿ ಸೆಟ್ಟನ್ನು ಹೊರತೆಗೆದರು. ಕಟ್ಟಿಸಿದ ಹಲ್ಲಿನವರು ಗಂಡ ಹೆಂಡಿರ ಎದುರೂ ಮಾಡಲು ನಾಚುವ ಕೆಲಸ ಅದು. ಮುಖ ಒಂದೇ ಸಲಕ್ಕೆ ಕುಸಿದು ಕೆನ್ನೆ ಒಳಸೇರಿತು, ನೋಟಿನ ಮೇಲಿನ ಸೇನಾನಿ ಹೋಗಿ ಒಬ್ಬ ಮುದುಕ ಉಳಿದ. ಸೆಟ್ಟಿನ ಕೆಳಸಾಲು ಜನರ ಕಡೆಗೆ ಕಾಣುವಂತೆ ಹಿಡಿದು, ಬೊಚ್ಚುಬಾಯಲ್ಲಿ, ಕಷ್ಟಪಟ್ಟು ಹೇಳಿದರು:

"ಈ ಮಾತು ಆತನದು. ಈ ಹಲ್ಲು ಆತನದಲ್ಲ."

ಅದನ್ನು ಮುಂದಿದ್ದ ಮೇಜಿನ ಬಿಳಿ ಬಟ್ಟೆಯ ಮೇಲಿಟ್ಟು ಕುರ್ಚಿಯಲ್ಲಿ ಕೂತರು. ಚಪ್ಪಾಳೆ ಬರಲಿಲ್ಲ. ನಾನು ಗ್ಲೌಸು ಹಾಕಿಕೊಂಡು ಮೇಜಿನ ಹತ್ತಿರ ಹೋಗಿ ನಿಂತೆ. ಸ್ವಲ್ಪ ಹೊತ್ತಿಗೆ ಕ್ಯುರೇಟರ್ ಎದ್ದು, ಹತ್ತಿರ ಬಂದು ನೋಡಬೇಕೆನ್ನುವವರು ಬರಬಹುದು, ಮುಟ್ಟುವುದು ಬೇಡ ಎಂದರು. ಜನ ಸಾಲುಗಟ್ಟಿ ಬಂದರು. ಬಾಗಿ ನೋಡಿ ಮುಂದೆ ಸಾಗಿದರು. ಅತ್ತೆಯೂ ಸಾಲಿನಲ್ಲಿ ಬಂದು, ನೋಡಿ, ನನ್ನ ಪಕ್ಕಕ್ಕೆ ಸರಿದು ನಿಂತುಕೊಂಡರು.

ಆಮೇಲೆ ಊರುಗೋಲು ಹಿಡಿದ ಒಬ್ಬ ಕಪ್ಪು ಅಜ್ಜಿ ಬಂದರು. ಭಾನುವಾರದ ಪ್ರಾರ್ಥನೆಗೆ ತೊಟ್ಟ ಬಟ್ಟೆ, ತಲೆಗೆ ಹ್ಯಾಟು. ಊರುಗೋಲನ್ನು ಮೇಜಿಗೆ ಒರಗಿಸಿ, ಕೆಳಸಾಲಿನ ತುದಿಯ ಹಲ್ಲಿನ ಮೇಲೆ ಬೆರಳಿಟ್ಟರು. ತುಟಿ ಅಲುಗಿತು. ಬೆರಳು ಮುಂದಿನ ಹಲ್ಲಿಗೆ ಹೋಯಿತು. ತಡೆಯಬೇಕೆಂದು ನಾನು ಕೈ ಚಾಚಿದೆ. ಅತ್ತೆ ನನ್ನ ಮಣಿಕಟ್ಟು ಹಿಡಿದರು.

"ಇರಲಿ ಬಿಡವಾ," ಎಂದರು ಮೆಲ್ಲಗೆ.

ನಾನು ಕೈ ಹಿಂದಕ್ಕೆ ತೆಗೆದುಕೊಂಡೆ. ಅಷ್ಟು ಹತ್ತಿರದಲ್ಲಿ ನಿಂತಿದ್ದರಿಂದ ಆಕೆಯ ಪಿಸುಮಾತು ಕೇಳಿಸಿತು. ಒಂದು ಹೆಂಗಸಿನ ಹೆಸರು. ಬೆರಳು ಸರಿಯಿತು. ಒಂದು ಗಂಡಸಿನ ಹೆಸರು. ಮತ್ತೆ ಒಂದು ಹೆಂಗಸಿನದು. ಯಾರ ಹೆಸರುಗಳೋ, ಆಕೆಯ ಮನೆತನದವೋ, ಆಗಲೇ ಹೊಳೆದವೋ ನನಗೆ ಗೊತ್ತಿಲ್ಲ. ಗರಗಸದ ಅಂಚಿನ ಹಲ್ಲಿನ ಹತ್ತಿರ ಬಂದಾಗ ಬೆರಳು ನಿಂತಿತು. ಅದಕ್ಕೆ ಯಾರ ಹೆಸರು ಹೇಳಲೆಂದು ಆಕೆ ಯೋಚಿಸುತ್ತಿದ್ದರು. ಹಿಂದೆ ಸಾಲು ಬಾಗಿಲವರೆಗೂ ಬೆಳೆದಿತ್ತು, ಯಾರೂ ಅವಸರ ಮಾಡಲಿಲ್ಲ.